ಝಯಾನ್ ಕಾಲು ನಿಲ್ಲುತ್ತದೆಯೇ? ಓದುಗರ ಪ್ರಶ್ನೆ, ಫಿಸಿಯೊ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ಯಾಸ್ಕೆಟ್‌ಬಾಲ್‌ಗೆ ಸೇರಿದವು. ಬರೆದವರಲ್ಲಿ ಆಟ ನೋಡುವವರಿದ್ದಾರೆ, ಆಡುವವರಿದ್ದಾರೆ, ಆಡಿಸುವವರಿದ್ದಾರೆ, ಆಡುವ ಮಗಳ ತಾಯಿ ಇದ್ದಾರೆ. ಎಲ್ಲರೂ ಕೇಳಿರುವುದು ಹೆಚ್ಚುಕಡಿಮೆ ಒಂದನ್ನೇ: ಪದೇ ಪದೇ ಗಾಯ ಮಾಡಿಕೊಳ್ಳುವ ಹುಡುಗ ಅಥವಾ ಹುಡುಗಿ ಮುಂದೆ ಆಟದಲ್ಲಿ ನಿಲ್ಲಬಲ್ಲರೇ? ಹಾಗಾಗಿ ಬೆನ್ನುನೋವು, ಭುಜದ ನೋವಿನ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನನಗೂ ನನ್ನ ಅಣ್ಣನಿಗೂ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಹುಚ್ಚು. ಬೆಳಗಿನ ಜಾವವೇ ಎದ್ದು ಪಂದ್ಯ ನೋಡುತ್ತೇವೆ. ನ್ಯೂ ಆರ್ಲಿಯನ್ಸ್ ಪೆಲಿಕನ್ಸ್ ತಂಡದ ಝಯಾನ್ ವಿಲಿಯಮ್ಸನ್ ಹೆಸರು ಬಂದರೆ ಸಾಕು, ಇಬ್ಬರಿಗೂ ಜಗಳ. ‘ಅವನ ಮೈ ತಡೆಯಲ್ಲ ಕಣೋ, ಅವನ ಕಥೆ ಮುಗೀತು’ ಅಂತ ಅಣ್ಣ. 2000ದಲ್ಲಿ ಹುಟ್ಟಿದವನು, ಇನ್ನೂ ವಯಸ್ಸಿದೆ, ಸರಿಹೋಗ್ತಾನೆ ಅಂತ ನಾನು. ನೀವೇ ತೀರ್ಪು ಹೇಳಿ.
(ಎಂಜಿನಿಯರಿಂಗ್ ವಿದ್ಯಾರ್ಥಿ, ಮಲ್ಲೇಶ್ವರ, ಬೆಂಗಳೂರು)

ಉತ್ತರ: ಮೊದಲು ನಿಮ್ಮಣ್ಣನ ಲೆಕ್ಕವನ್ನೇ ಪೂರ್ತಿ ಇಡೋಣ. ಅದು ಹಗುರಾದ ಲೆಕ್ಕವಲ್ಲ. 2019ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಝಯಾನ್. ಸೀಸನ್ ಶುರುವಾಗುವ ಹೊತ್ತಿಗೇ ಬಲ ಮಂಡಿಯ ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಹರಿದು ಆಪರೇಷನ್ ಆಯಿತು, ಆ ವರ್ಷ ಆಡಿದ್ದು 24 ಪಂದ್ಯ. ಮರುವರ್ಷ 61. 2021-22ರಲ್ಲಿ ಬಲಪಾದದ ಮೂಳೆ ಮುರಿದು ಇಡೀ ಸೀಸನ್ ಹೊರಗೆ. ಆಮೇಲೆ 29, 70, 30. 2024-25ರವರೆಗಿನ ಆರು ಸೀಸನ್‌ಗಳಲ್ಲಿ ತಂಡ ಆಡಿದ್ದು 472 ಪಂದ್ಯ, ಅವನು ಆಡಿದ್ದು 214. ಅರ್ಧವೂ ಇಲ್ಲ. ಹಿಂದೆ ಒಮ್ಮೆ ಗಾಯವಾಗಿದೆ ಎನ್ನುವುದೇ ಮುಂದೆ ಗಾಯವಾದೀತು ಎಂಬುದಕ್ಕೆ ಎಲ್ಲಕ್ಕಿಂತ ಬಲವಾದ ಸೂಚನೆ ಅಂತ ನಮ್ಮ ಪಾಠದಲ್ಲೂ ಇದೆ, ಕ್ಲಿನಿಕ್ಕಿನಲ್ಲೂ ಕಾಣುತ್ತೇವೆ. ನಿಮ್ಮಣ್ಣ ಬಾಯಿಗೆ ಬಂದದ್ದು ಹೇಳುತ್ತಿಲ್ಲ.

ಆದರೂ ನನ್ನ ಮತ ನಿಮಗೆ. ಯಾಕೆಂದರೆ ಈ ಗಾಯಗಳನ್ನೆಲ್ಲ ಒಟ್ಟು ಕೂಡಿಸಿ ‘ಇವನು ಗಾಯದ ಗಿರಾಕಿ’ ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಬಿಡಿಸಿ ನೋಡಬೇಕು. ಮಂಡಿಯ ಮೆನಿಸ್ಕಸ್ 2019ರದ್ದು. ಆ ಮಂಡಿ ಆಮೇಲೆ ಅವನನ್ನು ಇಡೀ ಸೀಸನ್ ಕೂರಿಸಿದ್ದಿಲ್ಲ. ಪಾದದಲ್ಲಿ ಮುರಿದದ್ದು ಕಿರುಬೆರಳಿನ ಹಿಂದಿನ ಉದ್ದ ಮೂಳೆ. ಆ ಮೂಳೆಯ ಬುಡಕ್ಕೆ ರಕ್ತದ ಹರಿವು ಕಡಿಮೆ, ಹಾಗಾಗಿ ಕೂಡಿಕೊಳ್ಳಲು ಸತಾಯಿಸುತ್ತದೆ. ಕೂಡಿದ ಮೇಲೆ ಆಟಗಾರ ಮೊದಲಿನಂತೆ ಆಡಬಲ್ಲ. ಎನ್‌ಬಿಎಯ ದೊಡ್ಡ ಆಟಗಾರ ಕೆವಿನ್ ಡ್ಯುರಾಂಟ್‌ಗೆ 2014ರಲ್ಲಿ ಮುರಿದದ್ದು ಅದೇ ಜಾಗ. ಆ ಸೀಸನ್‌ನಲ್ಲಿ ಅವನು ಆಡಿದ್ದು 27 ಪಂದ್ಯ, ಮತ್ತೆ ಮತ್ತೆ ಆಪರೇಷನ್, ಕೊನೆಗೆ ಬೇರೆಡೆಯಿಂದ ಮೂಳೆ ತೆಗೆದು ಕೂರಿಸಬೇಕಾಯಿತು. ಮರು ಸೀಸನ್‌ನಲ್ಲಿ 72 ಪಂದ್ಯ ಆಡಿದ.

ಝಯಾನ್ ವಿಷಯದಲ್ಲಿ ಮರುಕಳಿಸಿರುವುದು ಒಂದೇ: ಹ್ಯಾಮ್‌ಸ್ಟ್ರಿಂಗ್, ತೊಡೆಯ ಹಿಂಬದಿಯ ಸ್ನಾಯು. 2023ರ ಜನವರಿಯಲ್ಲಿ ಬಲಗಾಲಿನದು. 2024ರ ಏಪ್ರಿಲ್‌ನಲ್ಲಿ ಲೇಕರ್ಸ್ ತಂಡದ ವಿರುದ್ಧ, ಪ್ಲೇಆಫ್ ಎಂಬ ಅಂತಿಮ ಹಂತಕ್ಕೆ ಅರ್ಹತೆ ಪಡೆಯುವ ಪ್ಲೇ-ಇನ್ ಪಂದ್ಯದಲ್ಲಿ ಎಡಗಾಲಿನದು. ಆ ಪಂದ್ಯ ನೀವಿಬ್ಬರೂ ನೋಡಿರುತ್ತೀರಿ. 40 ಪಾಯಿಂಟ್ ಹೊಡೆದು, ಮೂರು ನಿಮಿಷ ಚಿಲ್ಲರೆ ಉಳಿದಿರುವಾಗ ಸ್ಕೋರು ಸಮ ಮಾಡಿ, ತೊಡೆ ಹಿಡಿದುಕೊಂಡು ಒಳಗೆ ನಡೆದ. ತಂಡ ಸೋತಿತು. ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ಎಡಗಾಲೇ, ಎರಡು ತಿಂಗಳು ಹೊರಗೆ. ಅಂದಮೇಲೆ ‘ಅವನ ಮೈ ಸರಿಯಿದೆಯೇ’ ಅಂತ ಕೇಳುವ ಬದಲು ‘ಆ ಸ್ನಾಯುವಿನ ಕೆಲಸ ಮುಗಿದಿದೆಯೇ’ ಅಂತ ಕೇಳಬೇಕು. ಹೀಗೆ ಕೇಳಿದರೆ ಉತ್ತರ ಹುಡುಕಲು ಒಂದು ದಾರಿಯಾದರೂ ಸಿಗುತ್ತದೆ.

ಹ್ಯಾಮ್‌ಸ್ಟ್ರಿಂಗ್ ಹರಿಯುವುದು ಹೆಚ್ಚಾಗಿ ಅದು ಎಳೆದುಕೊಂಡಿರುವಾಗ. ಜೋರಾಗಿ ಓಡುವವನ ಕಾಲು ಮುಂದಕ್ಕೆ ಚಾಚಿರುತ್ತದೆ, ಅದನ್ನು ತಡೆದು ಹಿಂದಕ್ಕೆ ತರುವ ಕೆಲಸ ಈ ಸ್ನಾಯುವಿನದು. ನೋವು ಹೋಯಿತು, ಓಡಿದರೂ ಏನೂ ಆಗುತ್ತಿಲ್ಲ ಅಂತ ಆಟಕ್ಕಿಳಿದವರಲ್ಲಿ ಎಳೆದ ಸ್ಥಿತಿಯ ಬಲ ಮಾತ್ರ ಇನ್ನೂ ಬಂದಿರುವುದಿಲ್ಲ. ಅದಕ್ಕೇ ಎಂದು ಒಂದು ವ್ಯಾಯಾಮವಿದೆ. ಮಂಡಿಯೂರಿ ಕೂತು, ಹಿಂದಿನಿಂದ ಒಬ್ಬರು ಹಿಮ್ಮಡಿ ಒತ್ತಿ ಹಿಡಿದುಕೊಂಡು, ಸೊಂಟ ಮುರಿಯದೆ ಇಡೀ ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವುದು. ನಾರ್ಡಿಕ್ ಅಂತಾರೆ. ಫುಟ್‌ಬಾಲ್ ತಂಡಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಇದನ್ನು ಬಿಡದೆ ಮಾಡಿದವರಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿದಿತ್ತು. ಬೇಸರದ ವ್ಯಾಯಾಮ, ಮೊದಲ ವಾರ ತೊಡೆ ಹಿಡಿದುಕೊಳ್ಳುತ್ತದೆ, ಹಾಗಾಗಿ ಜನ ಬಿಟ್ಟುಬಿಡುತ್ತಾರೆ.

ತೂಕದ ಮಾತು ಬಂದೇ ಬರುತ್ತದೆ. ತಂಡದ ದಾಖಲೆಯಲ್ಲಿ ಅವನ ತೂಕ 284 ಪೌಂಡ್, ನಮ್ಮ ಲೆಕ್ಕದಲ್ಲಿ 129 ಕೆ.ಜಿ.ಯ ಹತ್ತಿರ. ಎತ್ತರ ಆರೂವರೆ ಅಡಿ. 2022ರ ಒಪ್ಪಂದದಲ್ಲಿ ತೂಕ ಮತ್ತು ಕೊಬ್ಬಿನ ಶೇಕಡಾವಾರು ಎರಡೂ ಕೂಡಿ 295 ದಾಟಬಾರದು ಅಂತ ಷರತ್ತಿತ್ತು ಎಂದೂ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಹಾರಿ ಕೆಳಗಿಳಿಯುವಾಗ ಕಾಲಿನ ಮೇಲೆ ಬೀಳುವುದು ಮೈತೂಕದ ಹಲವು ಪಟ್ಟು ಭಾರ. ಅಷ್ಟು ತೂಕದವನು ಅಷ್ಟು ಎತ್ತರ ಹಾರಿ ಒಂಟಿಕಾಲಲ್ಲಿ ಇಳಿದರೆ ಆ ಭಾರ ಎಲ್ಲಾದರೂ ಹೋಗಲೇಬೇಕಲ್ಲ. ತೂಕ ಇಳಿದರೆ ಒಳ್ಳೆಯದು, ಒಪ್ಪುತ್ತೇನೆ. ಆದರೆ ಆ ಹುಡುಗನ ಹೊಟ್ಟೆ ನೋಡಿ ಆಡಿಕೊಳ್ಳುವವರನ್ನು ಕಂಡರೆ ನನಗೆ ಬೇಜಾರು. ಬರೀ ಊಟ ಬಿಟ್ಟು ತೂಕ ಇಳಿಸಿದರೆ ಸ್ನಾಯುವೂ ಕರಗುತ್ತದೆ, ಆಗ ಗಾಯ ಇನ್ನೂ ಹತ್ತಿರ.

ಈಗ ನಿಮ್ಮಣ್ಣನಿಗೆ ತೋರಿಸಬೇಕಾದ ಹೆಸರು ಗೋಲ್ಡನ್ ಸ್ಟೇಟ್ ತಂಡದ ಸ್ಟೀಫನ್ ಕರಿ. 2011ರಲ್ಲಿ ಬಲ ಆ್ಯಂಕಲ್‌ಗೆ (ಪಾದದ ಗಣ್ಣಿನ ಕೀಲಿಗೆ) ಆಪರೇಷನ್, 2012ರಲ್ಲಿ ಅದೇ ಆ್ಯಂಕಲ್‌ಗೆ ಇನ್ನೊಂದು. 66 ಪಂದ್ಯಗಳಿಗೇ ಮೊಟಕಾದ 2011-12ರ ಸೀಸನ್‌ನಲ್ಲಿ ಅವನು ಆಡಿದ್ದು 26. ‘ಗಾಜಿನ ಕಾಲು’ ಅನ್ನುವ ಮಾತು ಅವನಿಗೂ ಅಂಟಿತ್ತು. ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರಿನ ಒಪ್ಪಂದಕ್ಕೆ ಅವನು ಸಹಿ ಹಾಕಿದಾಗ ಆ ಕಾಲಿಗೆ ಅಷ್ಟು ದುಡ್ಡೇ ಅಂದವರಿದ್ದರು. ಮುಂದಿನ ಐದು ಸೀಸನ್‌ಗಳಲ್ಲಿ ಅವನು ಆಡಿದ ಪಂದ್ಯಗಳು 78, 78, 80, 79, 79. ಅದರ ನಡುವೆಯೇ ಎರಡು ಸಲ ಎಂವಿಪಿ, ಅಂದರೆ ಲೀಗಿನ ವರ್ಷದ ಶ್ರೇಷ್ಠ ಆಟಗಾರ.

ಇದು ಪವಾಡವಲ್ಲ. ಆ್ಯಂಕಲ್ ಒಳಗೆ ಸೇರಿದ್ದ ಚೂರುಪಾರನ್ನು ಆಪರೇಷನ್‌ನಲ್ಲಿ ಶುಚಿ ಮಾಡಿದರು, ಎರಡೂ ಕಾಲಿಗೆ ಕೀಲನ್ನು ಹಿಡಿದಿಡುವ ಗಟ್ಟಿ ಬ್ರೇಸ್ ಬಂತು. ನನ್ನಂಥವರಿಗೆ ಪಾಠವಾದದ್ದು ಮೂರನೆಯದು. 2013ರಲ್ಲಿ ತಂಡಕ್ಕೆ ಬಂದ ಕೀಕಿ ಲೈಲ್ಸ್ ಎಂಬ ತರಬೇತುದಾರರು ಆ್ಯಂಕಲ್ ಬಿಟ್ಟು ಸೊಂಟ ನೋಡಿದರು. ತಟ್ಟನೆ ದಿಕ್ಕು ಬದಲಿಸುವಾಗ ಭಾರ ಹೊರಬೇಕಾದ್ದು ಸೊಂಟದ, ಪೃಷ್ಠದ ದೊಡ್ಡ ಸ್ನಾಯುಗಳು. ಮನೆಯಲ್ಲಿ ದೊಡ್ಡವರು ಕೈಕಟ್ಟಿ ಕೂತರೆ ಕೊಡ ಹೊರುವುದು ಚಿಕ್ಕವರ ಪಾಲಿಗೆ ಬರುತ್ತದಲ್ಲ, ಕರಿಯ ಕಾಲಲ್ಲಿ ನಡೆಯುತ್ತಿದ್ದದ್ದು ಅದೇ. ಸೊಂಟದಿಂದ ಬಗ್ಗುವುದನ್ನು ಮೊದಲಿಂದ ಕಲಿಸಿದರು, ಡೆಡ್‌ಲಿಫ್ಟ್ ಮಾಡಿಸಿದರು. ಆ ಸಣಕಲು ಮೈಯವನು ಕೊನೆಗೆ 400 ಪೌಂಡ್, ಅಂದರೆ 180 ಕೆ.ಜಿ. ನೆಲದಿಂದ ಎತ್ತುವ ಮಟ್ಟಕ್ಕೆ ಬಂದ.

ಆದರೆ ಎಲ್ಲರ ಕಥೆಯೂ ಹೀಗೆ ಆಗುವುದಿಲ್ಲ. ನಿಮ್ಮಣ್ಣ ಗ್ರೆಗ್ ಓಡನ್ ಹೆಸರು ಎತ್ತಿದರೆ ನೀವು ಒಪ್ಪಿಕೊಳ್ಳಬೇಕು. 2007ರಲ್ಲಿ ಡ್ಯುರಾಂಟ್‌ಗಿಂತಲೂ ಮೊದಲು ಆಯ್ಕೆಯಾದ ಆ ಎತ್ತರದ ಹುಡುಗ ಇಡೀ ಎನ್‌ಬಿಎ ಬದುಕಿನಲ್ಲಿ ಆಡಿದ್ದು 105 ಪಂದ್ಯ. ಅವನದು ಮಂಡಿಯ ಕಾರ್ಟಿಲೇಜ್. ಮೂಳೆಯ ತುದಿಗೆ ನುಣುಪಾಗಿ ಹೊದ್ದಿರುವ ಆ ಪದರಕ್ಕೆ ರಕ್ತನಾಳವೇ ಇಲ್ಲ, ಸವೆದರೆ ತಾನಾಗಿ ಬೆಳೆಯುವುದಿಲ್ಲ. ಮೂಳೆಗೆ ಸಣ್ಣ ಸಣ್ಣ ತೂತು ಕೊರೆದು ರಕ್ತ ಜಿನುಗಿಸಿ ಹೊಸ ಪದರ ಬೆಳೆಸುವ ಮೈಕ್ರೊಫ್ರಾಕ್ಚರ್ ಅವನ ಎರಡೂ ಮಂಡಿಗೆ ಆಯಿತು. ಹಾಗೆ ಬೆಳೆಯುವ ಪದರ ಮೂಲದಷ್ಟು ಗಟ್ಟಿಯಲ್ಲ. ನಡುವೆ ಎಡ ಮಂಡಿಚಿಪ್ಪೂ ಒಡೆಯಿತು. ಅದೇ ಆಪರೇಷನ್ 2005ರಲ್ಲಿ ಮಾಡಿಸಿಕೊಂಡ ಅಮಾರೆ ಸ್ಟೌಡಮೈರ್ 2006-07ರಲ್ಲಿ ಫೀನಿಕ್ಸ್ ಪರ 82 ಪಂದ್ಯವೂ ಆಡಿದ ಎನ್ನುವುದೂ ನಿಜ. ಅದೇ ಫೀನಿಕ್ಸ್‌ನಲ್ಲಿ, ಆ್ಯಂಕಲ್ ಗಾಯದಿಂದ ವರ್ಷಗಟ್ಟಲೆ ನರಳಿದ್ದ ಗ್ರಾಂಟ್ ಹಿಲ್ 36ರ ವಯಸ್ಸಿನಲ್ಲಿ ಜೀವನದಲ್ಲೇ ಮೊದಲ ಸಲ ಒಂದು ಸೀಸನ್‌ನ 82 ಪಂದ್ಯವೂ ಆಡಿದರು. ಆಗ ಅಲ್ಲಿನ ಆರೈಕೆ ತಂಡದ ಮುಖ್ಯಸ್ಥರಾಗಿದ್ದವರು ಆ್ಯರನ್ ನೆಲ್ಸನ್. ಅವರು 2019ರಲ್ಲಿ ಸೇರಿದ್ದು ಎಲ್ಲಿಗೆ ಗೊತ್ತೇ? ಝಯಾನ್ ಇದ್ದ ಪೆಲಿಕನ್ಸ್‌ಗೆ. ಅಷ್ಟು ಹೆಸರು ಮಾಡಿದವರು ಜೊತೆಗಿದ್ದೂ ಝಯಾನ್ ಒಂದು ಸೀಸನ್ ಪೂರ್ತಿ ಹೊರಗೆ ಕೂತ. ಕೈಗುಣ ಎಷ್ಟೇ ಒಳ್ಳೆಯದಿದ್ದರೂ ಮೂಳೆ ತನ್ನ ಹೊತ್ತಿಗೇ ಕೂಡುತ್ತದೆ, ಆಟಗಾರ ತನ್ನ ಪಾಲಿನ ಬೆವರು ಹರಿಸಲೇಬೇಕು.

ಹಾಗಾಗಿ ನನ್ನ ತೀರ್ಪು: ಝಯಾನ್‌ನದು ಓಡನ್ ದಾರಿಯಲ್ಲ. ಮಂಡಿ ಉಳಿದಿದೆ, ಪಾದ ಕೂಡಿದೆ, 2023-24ರಲ್ಲಿ 70 ಪಂದ್ಯ ಆಡಿ ತೋರಿಸಿದ್ದಾನೆ. ‘ಆಗೋದೇ ಇಲ್ಲ’ ಅನ್ನುವ ಮಾತಿಗೆ ಆ ಸೀಸನ್ನೇ ಉತ್ತರ. ಪ್ರತಿವರ್ಷ 82 ಪಂದ್ಯ ಆಡುತ್ತಾನೆ ಅಂತ ಮಾತ್ರ ನೀವೂ ಪಂಥ ಕಟ್ಟಬೇಡಿ. 60ರಿಂದ 65 ಪಂದ್ಯ, ಪಂದ್ಯಕ್ಕೆ ಮೂವತ್ತು ನಿಮಿಷ, ಪ್ಲೇಆಫ್ ಶುರುವಾಗುವ ಏಪ್ರಿಲ್‌ನಲ್ಲಿ ಎರಡೂ ತೊಡೆ ಗಟ್ಟಿ. ನಾನಾಗಿದ್ದರೆ ಇಷ್ಟನ್ನು ಗುರಿ ಇಟ್ಟುಕೊಳ್ಳುತ್ತಿದ್ದೆ.

ಪ್ರಶ್ನೆ: ಮೇಡಂ ನಮಸ್ಕಾರ. ನನ್ನ ಮಗಳಿಗೆ ಹದಿನೈದು ವರ್ಷ, ಜಿಲ್ಲಾ ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡ್ತಾಳೆ. ಒಂದೇ ವರ್ಷದಲ್ಲಿ ಎಡಗಾಲು ಮೂರು ಸಲ ಉಳುಕಿದೆ. ಮೊದಲ ಸಲ ಉಳುಕು ತೆಗೆಯೋರ ಹತ್ರ ಎಣ್ಣೆ ಹಚ್ಚಿ ನೀವಿಸಿದ್ವಿ, ವಾರಕ್ಕೆ ಓಡಾಡಿದಳು. ಮೂರನೇ ಸಲ ಆಸ್ಪತ್ರೆಗೆ ಹೋದರೆ ಎಕ್ಸ್‌ರೇಲಿ ಏನೂ ಇಲ್ಲ ಅಂದರು. ನಮ್ಮತ್ತೆ ‘ಹೆಣ್ಣುಮಗು, ಕಾಲು ಊನ ಆದ್ರೆ ಏನು ಗತಿ, ಆಟ ಬಿಡ್ಸು’ ಅಂತಿದ್ದಾರೆ. ಇವಳು ಸರಿಯಾಗಿ ಊಟಾನೂ ಮಾಡ್ತಿಲ್ಲ. ಏನು ಮಾಡಲಿ?
(ಹೆಸರು ಬೇಡ, ಮಂಡ್ಯ)

ಉತ್ತರ: ಆಟ ಬಿಡಿಸಬೇಡಿ ತಾಯಿ. ಒಂದಷ್ಟು ಕಾಲ ಪಂದ್ಯ ನಿಲ್ಲಿಸಿ, ಆಟವನ್ನಲ್ಲ.

ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ಉಳುಕಿದಾಗ ಎಳೆದು ಹೋಗುವುದು ಕಾಲಿನ ಹೊರಬದಿಯ ಗಣ್ಣಿನ ಮುಂದಿರುವ ಲಿಗಮೆಂಟ್, ಮೂಳೆಗೂ ಮೂಳೆಗೂ ಇರುವ ಕಟ್ಟು. ‘ಏನೂ ಇಲ್ಲ’ ಅಂದರೆ ಮೂಳೆ ಮುರಿದಿಲ್ಲ ಅಂತ ಅರ್ಥವೇ ಹೊರತು ಕಾಲು ಸರಿಯಿದೆ ಅಂತ ಅಲ್ಲ. ಆ ಕಟ್ಟಿನೊಳಗೆ, ಸುತ್ತಲ ಸ್ನಾಯುಗಳಲ್ಲಿ ಸಣ್ಣ ಸಣ್ಣ ನರತುದಿಗಳಿವೆ. ಪಾದ ಎತ್ತ ವಾಲುತ್ತಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವುದು ಅವು. ಬಾವು ಇಳಿದು ನೋವು ಹೋದರೂ ಆ ಸುದ್ದಿ ತಡವಾಗಿ ಬರುತ್ತಿರುತ್ತದೆ. ರೀಬೌಂಡ್‌ಗೆ, ಅಂದರೆ ರಿಂಗಿಗೆ ಬಡಿದು ಬಂದ ಚೆಂಡಿಗೆ ಹಾರಿದವಳು ಇನ್ನೊಬ್ಬಳ ಪಾದದ ಮೇಲೆ ಇಳಿಯುತ್ತಾಳೆ, ಕಾಲು ಒಳಕ್ಕೆ ಮಡಚುತ್ತದೆ, ಸ್ನಾಯು ಹಿಡಿಯುವುದರೊಳಗೆ ಕೆಲಸ ಕೆಟ್ಟಿರುತ್ತದೆ. ಮೂರೂ ಸಲ ಒಂದೇ ಕಾಲು ಅಂತ ಬರೆದಿದ್ದೀರಿ. ನನ್ನ ಪ್ರಕಾರ ನಿಮ್ಮ ಮಗಳಿಗೆ ಆಗಿರುವುದು ಒಂದೇ ಗಾಯ, ಅದು ಪೂರ್ತಿ ವಾಸಿಯಾಗಿಲ್ಲ.

ಇಂಥ ಮಕ್ಕಳು ಬಂದರೆ ನಾನು ಮೊದಲು ಶೂ, ಸಾಕ್ಸ್ ಬಿಚ್ಚಿಸಿ ತಣ್ಣನೆ ನೆಲದ ಮೇಲೆ ಒಂಟಿಕಾಲಲ್ಲಿ ನಿಲ್ಲಿಸುತ್ತೇನೆ. ಕಣ್ಣು ಬಿಟ್ಟಿರುವಾಗ ಎಲ್ಲರೂ ಚೆನ್ನಾಗಿಯೇ ನಿಲ್ಲುತ್ತಾರೆ, ‘ನೋಡಿ ಮೇಡಂ, ಸರಿಯಾಗಿದೆ’ ಅಂತಲೂ ಅನ್ನುತ್ತಾರೆ. ಕಣ್ಣು ಮುಚ್ಚು ಅಂದ ಕೂಡಲೇ ಪಾದದ ಮೇಲಿನ ಹುರಿಗಳು ಒಂದೊಂದಾಗಿ ಎದ್ದು ಕುಣಿಯತೊಡಗುತ್ತವೆ, ಹೆಬ್ಬೆರಳು ನೆಲ ಕಚ್ಚುತ್ತದೆ, ಸೊಂಟ ಒಂದು ಪಕ್ಕಕ್ಕೆ ಕುಸಿಯುತ್ತದೆ, ಕೈ ಗೋಡೆ ಹುಡುಕುತ್ತದೆ. ಗಾಯವಾಗದ ಕಾಲಲ್ಲಿ ಮಾಡಿಸಿದರೆ ಹೀಗಾಗುವುದಿಲ್ಲ. ಎರಡು ಕಾಲಿನ ಈ ವ್ಯತ್ಯಾಸ ಕಂಡಾಗ ಮಕ್ಕಳಿಗೇ ಅರ್ಥವಾಗುತ್ತದೆ, ನಾನು ಭಾಷಣ ಮಾಡಬೇಕಿಲ್ಲ. ನೀವೂ ಮನೆಯಲ್ಲಿ ಮಾಡಿಸಿ ನೋಡಿ, ಪಕ್ಕದಲ್ಲೇ ನಿಂತಿರಿ.

ಕೆಲಸ ಇಲ್ಲಿಂದ ಶುರು. ದಿನಾ ಹಲ್ಲುಜ್ಜುವಾಗ ಎಡಗಾಲಲ್ಲಿ ನಿಲ್ಲಲಿ. ಅದು ಸಲೀಸಾದ ಮೇಲೆ ಮಡಚಿದ ಜಮಖಾನದ ಮೇಲೆ, ಆಮೇಲೆ ನೀವು ಎಸೆದ ಚೆಂಡು ಹಿಡಿಯುತ್ತ. ಒಂಟಿಕಾಲಿನ ಹಿಮ್ಮಡಿ ಎತ್ತಿ ಇಳಿಸುವುದು: ಬಲಗಾಲಲ್ಲಿ ಎಷ್ಟು ಆಗುತ್ತದೋ ಎಡಗಾಲಲ್ಲೂ ಅಷ್ಟಾಗಬೇಕು, ಇಪ್ಪತ್ತೈದರ ತನಕ ಹೋಗಲಿ. ಸೊಂಟದ ಪಕ್ಕದ ಸ್ನಾಯು ಬಲಿಯಲು, ಎರಡೂ ಕಾಲಿಗೆ ಸೇರಿಸಿ ಎಲಾಸ್ಟಿಕ್ ಪಟ್ಟಿ ಕಟ್ಟಿ ಪಕ್ಕಕ್ಕೆ ಹೆಜ್ಜೆ ಇಡುವುದು. ಈ ನಡುವೆ ಶೂಟಿಂಗ್, ಡ್ರಿಬ್ಲಿಂಗ್ ಧಾರಾಳವಾಗಿ ಮಾಡಲಿ, ಚೆಂಡು ಕೈಬಿಟ್ಟರೆ ಮಗುವಿನ ಮನಸ್ಸು ಕುಗ್ಗುತ್ತದೆ. ಒಂಟಿಕಾಲಲ್ಲಿ ಮುಂದಕ್ಕೆ, ಪಕ್ಕಕ್ಕೆ ಕುಪ್ಪಳಿಸಿದಾಗ ಎರಡೂ ಕಾಲು ಹೆಚ್ಚುಕಡಿಮೆ ಸಮ ಬಂದ ದಿನ ಪಂದ್ಯದ ಮಾತು. ಆರರಿಂದ ಎಂಟು ವಾರ ಹಿಡಿಯಬಹುದು. ಅಂಗಳಕ್ಕೆ ಇಳಿದ ಮೇಲೆ ಒಂದು ವರ್ಷವಾದರೂ ಲೇಸ್ ಇರುವ ಆ್ಯಂಕಲ್ ಬ್ರೇಸ್ ಹಾಕಲಿ. ಬ್ರೇಸ್ ಹಾಕಿದರೆ ಕಾಲು ದುರ್ಬಲವಾಗುತ್ತದೆ ಅನ್ನುವುದು ಸುಳ್ಳು.

ನೀವಿಸುವ ವಿಷಯ. ಹೊಸದಾಗಿ ಉಳುಕಿ ಬಾವು ಬಂದ ಕಾಲನ್ನು ಎಣ್ಣೆ ಹಚ್ಚಿ ಎಳೆಸಬೇಡಿ, ಹರಿದ ಕಟ್ಟು ಇನ್ನಷ್ಟು ಹರಿಯುತ್ತದೆ. ತಣ್ಣೀರು ಬಟ್ಟೆ, ಕ್ರೇಪ್ ಬ್ಯಾಂಡೇಜ್, ಕಾಲು ಎತ್ತರಕ್ಕೆ. ಉಳುಕಿದ ಮೇಲೆ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ, ಅಥವಾ ಗಣ್ಣಿನ ಮೂಳೆ ಮುಟ್ಟಿದರೆ ಜೀವ ಹೋಗುವಷ್ಟು ನೋವಾದರೆ ಮೊದಲು ಎಕ್ಸ್‌ರೇ.

ಊಟದ ಬಗ್ಗೆ ನೀವು ಕೊನೆಯ ಸಾಲಿನಲ್ಲಿ ಬರೆದದ್ದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಆ ವಯಸ್ಸಿನ ಹುಡುಗಿಯರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪ್ರಾಕ್ಟೀಸ್‌ಗೆ ಓಡುತ್ತಾರೆ, ಬಂದು ಅರ್ಧ ಇಡ್ಲಿ ತಿಂದು ಸ್ಕೂಲಿಗೆ ಓಡುತ್ತಾರೆ. ಖರ್ಚಾಗುವಷ್ಟು ತಿನ್ನದಿದ್ದರೆ ದೇಹ ಮೊದಲು ಮುಟ್ಟು ನಿಲ್ಲಿಸುತ್ತದೆ, ಆಮೇಲೆ ಮೂಳೆ ಸೊರಗುತ್ತದೆ. ಮೂರು ತಿಂಗಳು ಮುಟ್ಟು ತಪ್ಪಿದ್ದರೆ ‘ಆಡೋ ಹುಡುಗಿಗೆ ಹಾಗೇ’ ಅಂತ ಬಿಡದೆ ಡಾಕ್ಟರಿಗೆ ತೋರಿಸಿ. ನಿಮ್ಮಲ್ಲಿ ರಾಗಿ ಇದೆ, ಹಾಲಿದೆ, ಮೊಟ್ಟೆ ತಿನ್ನುವವರಾದರೆ ಮೊಟ್ಟೆಯಿದೆ. ಪ್ರಾಕ್ಟೀಸ್‌ಗೆ ಮುಂಚೆ ಒಂದು ಬಾಳೆಹಣ್ಣಾದರೂ ಹೊಟ್ಟೆಗೆ ಬೀಳಲಿ.

ನಿಮ್ಮತ್ತೆಯವರ ಭಯ ಪ್ರೀತಿಯಿಂದ ಬಂದದ್ದು. ಕಣ್ಣು ಮುಚ್ಚಿ ನಿಲ್ಲುವ ಪರೀಕ್ಷೆಯನ್ನು ವಾರಕ್ಕೊಮ್ಮೆ ಅವರೆದುರಿಗೇ ಮಾಡಿಸಿ, ಸೆಕೆಂಡು ಎಣಿಸುವ ಕೆಲಸ ಅವರಿಗೇ ಕೊಡಿ. ಮೊಮ್ಮಗಳ ಕಾಲು ಗಟ್ಟಿಯಾಗುವುದನ್ನು ಅವರೂ ನೋಡಲಿ.

ಪ್ರಶ್ನೆ: ಮಂಡಿಯೊಳಗಿನ ಎಸಿಎಲ್ ಲಿಗಮೆಂಟ್‌ನ ಆಪರೇಷನ್ ಆಗಿ ಆರು ತಿಂಗಳಾಯಿತು. ನೋವಿಲ್ಲ, ಓಡುತ್ತಿದ್ದೇನೆ. ಮುಂದಿನ ತಿಂಗಳು ಅಂತರ ವಿಶ್ವವಿದ್ಯಾಲಯ ಟೂರ್ನಿ. ಕೋಚ್ ಬಾ ಅನ್ನುತ್ತಿದ್ದಾರೆ. ನನಗೆ 19. ಹೋಗಲಾ?
(ಪದವಿ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಬೇಡ. ಒಂಬತ್ತು ತಿಂಗಳು ತುಂಬುವ ತನಕ ಪಂದ್ಯ ಬೇಡವೇ ಬೇಡ. ಮಂಡಿಯೊಳಗೆ ಹಾಕಿರುವ ಹೊಸ ಲಿಗಮೆಂಟ್ ಆರನೇ ತಿಂಗಳಲ್ಲಿ ಇನ್ನೂ ಬಲಿಯುತ್ತಿರುತ್ತದೆ, ನೋವಿಲ್ಲದಿರುವುದು ಅದಕ್ಕೆ ಅಳತೆಯಲ್ಲ. ನಿಮ್ಮ ವಯಸ್ಸಿನವರು ಇಂಥ ಆಟಕ್ಕೆ ಮರಳಿದಾಗ ನಾಲ್ಕರಲ್ಲಿ ಒಬ್ಬರ ಹತ್ತಿರ ಹತ್ತಿರ ಮತ್ತೆ ಎಸಿಎಲ್ ಹರಿದುಕೊಳ್ಳುತ್ತಾರೆ, ಕೆಲವರು ಅದೇ ಮಂಡಿಯದು, ಕೆಲವರು ಇನ್ನೊಂದರದು. ಹೆಣ್ಣುಮಕ್ಕಳಿಗೆ ಈ ಗಾಯದ ಸಂಭವವೂ ಹೆಚ್ಚು. ಒಂಬತ್ತನೇ ತಿಂಗಳವರೆಗೆ ಕಾಯುವ ಒಂದೊಂದು ತಿಂಗಳಿಗೂ ಅಪಾಯ ಗಣನೀಯವಾಗಿ ಇಳಿಯುತ್ತದೆ. ಆಮೇಲೂ ತೊಡೆಯ ಬಲ, ಒಂಟಿಕಾಲ ನೆಗೆತ ಎರಡೂ ಇನ್ನೊಂದು ಕಾಲಿನ ಶೇ. 90 ಮುಟ್ಟಿರಬೇಕು. ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದೆಯೇ ಅಂತ ಗೆಳತಿಯ ಕೈಲಿ ಮೊಬೈಲ್‌ನಲ್ಲಿ ವಿಡಿಯೊ ಮಾಡಿಸಿ ನಿಮ್ಮ ಫಿಸಿಯೊಗೆ ತೋರಿಸಿ.

ಡೆರಿಕ್ ರೋಸ್ ವಿಷಯ ಹೇಳುತ್ತೇನೆ. 22ನೇ ವಯಸ್ಸಿಗೇ ಎಂವಿಪಿ ಆದವನು. ಅಷ್ಟು ಚಿಕ್ಕ ವಯಸ್ಸಿಗೆ ಇನ್ನಾರೂ ಆಗಿಲ್ಲ. 2012ರ ಏಪ್ರಿಲ್‌ನಲ್ಲಿ ಎಡ ಮಂಡಿಯ ಎಸಿಎಲ್ ಹೋಯಿತು. ಮುಂದಿನ ಸೀಸನ್ ಪೂರ್ತಿ ಕೂತ, ಆತುರ ಮಾಡಲಿಲ್ಲ. ಬಂದು ಹತ್ತು ಪಂದ್ಯವಾಗುವಷ್ಟರಲ್ಲಿ ಬಲ ಮಂಡಿಯ ಮೆನಿಸ್ಕಸ್ ಹರಿಯಿತು. ಕಾದರೂ ಖಾತ್ರಿಯಿಲ್ಲ ಅನ್ನುವುದು ನಿಜ, ನಿಮ್ಮಿಂದ ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ರೋಸ್ 2018ರಲ್ಲಿ ಮಿನೆಸೋಟ ಪರ ಒಂದೇ ರಾತ್ರಿ 50 ಪಾಯಿಂಟ್ ಹೊಡೆದು, ಮುಗಿದ ಮೇಲೆ ಅಂಗಳದಲ್ಲೇ ಅತ್ತ. ಹಳೆಯ ವೇಗ ಬರಲಿಲ್ಲ, ಆಟ ಬಂತು. ನಿಮಗೆ 19. ಟೂರ್ನಿ ಮುಂದಿನ ವರ್ಷವೂ ಇರುತ್ತದೆ. ಕೋಚ್‌ಗೆ ಈ ಉತ್ತರವನ್ನೇ ಓದಲು ಕೊಡಿ.

ಪ್ರಶ್ನೆ: ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಕ. ಒಬ್ಬ ಪ್ರತಿಭಾವಂತ ಹುಡುಗನಿದ್ದಾನೆ. ಮೊಣಕಾಲ ಕೆಳಗಿನ ಮೂಳೆ ನೋವು ಅನ್ನುತ್ತಾನೆ. ವಿಭಾಗ ಮಟ್ಟದ ಪಂದ್ಯ ಹತ್ತಿರವಿದೆ. ಒಂದು ದಿನದ ಮಟ್ಟಿಗೆ ನೋವಿನ ಇಂಜೆಕ್ಷನ್ ಕೊಡಿಸಿ ಆಡಿಸಬಹುದೇ? ಇಷ್ಟಕ್ಕೂ ಮಕ್ಕಳನ್ನು ವಾರಕ್ಕೆ ಎಷ್ಟು ಆಡಿಸಬೇಕು?
(ಶಿಕ್ಷಕರು, ಧಾರವಾಡ ಜಿಲ್ಲೆ)

ಉತ್ತರ: ಸರ್, ನೀವು ಮುಚ್ಚುಮರೆಯಿಲ್ಲದೆ ಕೇಳಿದ್ದೀರಿ, ನಾನೂ ಹಾಗೇ ಹೇಳುತ್ತೇನೆ. ದಯವಿಟ್ಟು ಇಂಜೆಕ್ಷನ್ ಕೊಡಿಸಬೇಡಿ. ನೋವು ಆ ಹುಡುಗನಿಗೆ ಉಳಿದಿರುವ ಒಂದೇ ಕಾವಲು.

ಪೋರ್ಟ್‌ಲ್ಯಾಂಡ್ ತಂಡದ ಬಿಲ್ ವಾಲ್ಟನ್ 1978ರಲ್ಲಿ ಎಂವಿಪಿ. ಪಾದದ ನೋವಿತ್ತು, ಪ್ಲೇಆಫ್‌ಗೆ ಇಂಜೆಕ್ಷನ್ ತೆಗೆದುಕೊಂಡು ಇಳಿದರು. ಆಮೇಲೆ ತೆಗೆದ ಎಕ್ಸ್‌ರೇಯಲ್ಲಿ ಪಾದದ ಮೂಳೆ ಮುರಿದಿತ್ತು. ಮುಂದಿನ ಸೀಸನ್ ಪೂರ್ತಿ ಹೋಯಿತು, ಅದರ ಹಿಂದೆ ಇನ್ನೂ ವರ್ಷಗಳು ಹೋದವು. 1985-86ರಲ್ಲಿ ಬಾಸ್ಟನ್‌ನಲ್ಲಿ ಬದಲಿ ಆಟಗಾರನಾಗಿ 80 ಪಂದ್ಯ ಆಡಿ ಚಾಂಪಿಯನ್ ತಂಡದಲ್ಲಿದ್ದರು ಅನ್ನುವುದು ಸಮಾಧಾನದ ಮಾತು. ನಡುವೆ ಕಳೆದುಹೋದ ವರ್ಷಗಳು ಅವರ ಯೌವನದವು.

ನಿಮ್ಮ ಹುಡುಗನ ಕಾಲಿನ ಮುಂಮೂಳೆಯ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತ ಬನ್ನಿ. ಗೇಣುದ್ದ ಪೂರ್ತಿ ಹರಡಿದಂತೆ ನೋಯುತ್ತಿದ್ದರೆ ಅದು ಹೊರೆ ಹೆಚ್ಚಾಗಿ ಬಂದ ಉರಿಯೂತ, ಆಟ ತಗ್ಗಿಸಿದರೆ ಇಳಿಯುತ್ತದೆ. ಒಂದು ರೂಪಾಯಿ ನಾಣ್ಯದಷ್ಟೇ ಜಾಗದಲ್ಲಿ ಬೆರಳು ಇಟ್ಟ ಕೂಡಲೇ ಹುಡುಗ ಕಾಲು ಎಳೆದುಕೊಂಡರೆ, ಅಥವಾ ಮಲಗಿದಾಗಲೂ ನೋವಿದ್ದರೆ, ಮೂಳೆಯಲ್ಲಿ ಸೀಳು ಶುರುವಾಗಿರಬಹುದು. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರುತ್ತದೆ. ಮೂಳೆ ತಜ್ಞರಿಗೆ ತೋರಿಸಿ, ಅವರು ಸರಿ ಅನ್ನುವ ತನಕ ಓಟ, ನೆಗೆತ ಎರಡೂ ನಿಲ್ಲಿಸಿ.

ಎಷ್ಟು ಆಡಿಸಬೇಕು ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ. ನನ್ನ ಬಳಿ ಬಂದ ಒಬ್ಬ ಹುಡುಗ ಶಾಲೆಗೂ ಆಡುತ್ತಿದ್ದ, ಕ್ಲಬ್ಬಿಗೂ ಆಡುತ್ತಿದ್ದ, ಜಿಲ್ಲಾ ಶಿಬಿರದಲ್ಲೂ ಇದ್ದ. ಮೂವರು ಕೋಚ್‌ಗಳೂ ಒಳ್ಳೆಯವರೇ. ಒಬ್ಬೊಬ್ಬರೂ ತಮ್ಮ ಒಂದೂವರೆ ಗಂಟೆಯನ್ನಷ್ಟೇ ಎಣಿಸುತ್ತಿದ್ದರು, ಮೂರನ್ನೂ ಕೂಡಿಸಿದವರು ಯಾರೂ ಇರಲಿಲ್ಲ. ಎನ್‌ಬಿಎ ಆಟಗಾರನ ನಿಮಿಷ ಎಣಿಸಲು ಒಂದು ಸಿಬ್ಬಂದಿಯೇ ಇರುತ್ತದೆ, ನಮ್ಮ ಹದಿನಾಲ್ಕರ ಹುಡುಗನಿಗೆ ಯಾರೂ ಇಲ್ಲ. ಅದರ ಮೇಲೆ ನಮ್ಮಲ್ಲಿ ಹೆಚ್ಚಿನ ಅಂಗಳಗಳು ಸಿಮೆಂಟಿನವು, ಮರದ ನೆಲದಂತೆ ಅವು ಏಟು ನುಂಗುವುದಿಲ್ಲ. ಟೂರ್ನಿ ಬಂದರೆ ಮೂರು ದಿನದಲ್ಲಿ ಐದು ಪಂದ್ಯ. ನಿಮ್ಮಂಥ ಶಿಕ್ಷಕರೇ ಒಂದು ನೋಟ್‌ಬುಕ್ ಇಡಬೇಕು: ಹುಡುಗನ ಹೆಸರು, ಆ ದಿನ ಎಲ್ಲೆಲ್ಲಿ ಎಷ್ಟು ಹೊತ್ತು ಆಡಿದ, ಎಲ್ಲಿ ನೋವು. ವಾರದ ಮೊತ್ತ ಒಮ್ಮೆಗೇ ಜಿಗಿಯದಂತೆ ನೋಡಿಕೊಂಡರೆ ಅರ್ಧ ಗೆದ್ದಂತೆ. ಅಮೆರಿಕದಲ್ಲಿ ಎನ್‌ಬಿಎ ಮತ್ತು ಅಲ್ಲಿನ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಸೇರಿ ಮಕ್ಕಳಿಗೆಂದು 2016ರಲ್ಲಿ ಮಾಡಿದ ಸೂಚನೆಗಳಲ್ಲೂ ವಾರಕ್ಕೆ ಒಂದು ದಿನವಾದರೂ ಪೂರ್ತಿ ಬಿಡುವು ಇರಲಿ, ಹದಿನಾಲ್ಕು ತುಂಬುವ ತನಕ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ ಎಂದಿದೆ. ಮಕ್ಕಳು ಖೋಖೋ ಆಡಲಿ, ಈಜಲಿ. ಬೇರೆ ಬೇರೆ ದಿಕ್ಕಿಗೆ ಓಡಿದ ಕಾಲೇ ಗಟ್ಟಿ.

ಪ್ರಶ್ನೆ: ಗಾಯವಿಲ್ಲದಿದ್ದರೂ ಆಟಗಾರರನ್ನು ಕೂರಿಸುವ ‘ಲೋಡ್ ಮ್ಯಾನೇಜ್‌ಮೆಂಟ್’ ಸೋಮಾರಿತನ ಅಲ್ಲವೇ?
(ಓದುಗರು, ಮಂಗಳೂರು)

ಉತ್ತರ: ಅಲ್ಲ. ಟಿಕೆಟ್ ಕೊಂಡು ಬಂದವರಿಗೆ ಬೇಸರವಾಗುವುದು ಸಹಜ, ಅದಕ್ಕೇ 2023-24ರಿಂದ ದೊಡ್ಡ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಎಂಬ ನಿಯಮ ಬಂದಿದೆ. ಆದರೆ 2018-19ರಲ್ಲಿ ಟೊರಾಂಟೊ ತಂಡ ಕವಾಯ್ ಲೆನಾರ್ಡ್‌ನನ್ನು ಲೀಗ್ ಹಂತದಲ್ಲಿ 60 ಪಂದ್ಯಕ್ಕಷ್ಟೇ ಇಳಿಸಿತು. ಅದರ ಹಿಂದಿನ ಸೀಸನ್‌ನಲ್ಲಿ ತೊಡೆಯ ಗಾಯದಿಂದ ಅವನು ಒಂಬತ್ತು ಪಂದ್ಯವಷ್ಟೇ ಆಡಿದ್ದ. ಕೊನೆಗೆ ತಂಡ ಚಾಂಪಿಯನ್, ಅವನು ಫೈನಲ್ಸ್ ಎಂವಿಪಿ.

ಪ್ರಶ್ನೆ: ಆಂಟಿ, ನಾನು ಎಂಟನೇ ಕ್ಲಾಸ್. ಈ ವರ್ಷ ತುಂಬಾ ಉದ್ದ ಆಗಿದ್ದೀನಿ. ಮಂಡಿಯ ಕೆಳಗೆ ಗಂಟು ಥರ ಬಂದಿದೆ, ಹಾರಿದ್ರೆ ನೋವು. ನಾನು ಇನ್ನು ಬ್ಯಾಸ್ಕೆಟ್‌ಬಾಲ್ ಆಡೋ ಹಾಗಿಲ್ವಾ?
(ಹಾಸನ)

ಉತ್ತರ: ಆಡಬಹುದು ಪುಟ್ಟ, ಹೆದರಬೇಡ. ನಿನ್ನ ಮೂಳೆ ಬೇಗ ಬೇಗ ಉದ್ದವಾಗುತ್ತಿದೆ, ತೊಡೆಯ ಸ್ನಾಯು ಇನ್ನೂ ಅಷ್ಟು ಬೆಳೆದಿಲ್ಲ, ಹಾಗಾಗಿ ಮಂಡಿಯ ಕೆಳಗೆ ಅದು ಅಂಟಿಕೊಂಡಿರುವ ಜಾಗವನ್ನು ಎಳೆಯುತ್ತಿದೆ. ಆ್ಯಸ್‌ಗುಡ್-ಶ್ಲಾಟರ್ ಅಂತ ಇದಕ್ಕೆ ಹೆಸರು. ಹಾರುವ ಆಟ ಆಡುವ ನಿನ್ನ ವಯಸ್ಸಿನ ಮಕ್ಕಳಲ್ಲಿ ಸಾಮಾನ್ಯ, ಬೆಳವಣಿಗೆ ನಿಂತ ಮೇಲೆ ಹೆಚ್ಚಿನವರಿಗೆ ನೋವು ಹೋಗುತ್ತದೆ. ಗಂಟು ಸ್ವಲ್ಪ ಉಳಿಯಬಹುದು, ತೊಂದರೆಯಿಲ್ಲ. ನೋವು ಹೆಚ್ಚಿದ ವಾರ ನೆಗೆತ ಕಡಿಮೆ ಮಾಡಿ ಶೂಟಿಂಗ್ ಮಾಡು. ಆಡಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡು. ತೊಡೆಯ ಮುಂಭಾಗ, ಹಿಂಭಾಗ ಎರಡನ್ನೂ ದಿನಾ ಎಳೆದು ಸಡಿಲ ಮಾಡು. ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ನೋವಿದ್ದರೆ, ಜ್ವರ ಬಂದರೆ, ಕುಂಟುತ್ತಿದ್ದರೆ, ಅಥವಾ ಒಂದು ದಿನ ಹಾರಿದಾಗ ‘ಟಪ್’ ಅಂದು ಕಾಲು ನೀಡಲಾಗದಿದ್ದರೆ ಕಾಯಬೇಡ, ಅಪ್ಪನಿಗೋ ಅಮ್ಮನಿಗೋ ಹೇಳಿ ಅವತ್ತೇ ಡಾಕ್ಟರ ಹತ್ತಿರ ಹೋಗು.